ಗಿಟಾರ್ ಫ್ರೆಟ್ ಲೆವೆಲ್ ಮಾಡೋಕೆ ಉದ್ದ ಬೀಮ್ ಬೇಕಾ, ರೇಡಿಯಸ್ ಬ್ಲಾಕ್ ಸಾಕಾ?

ಪ್ರಶ್ನೆ:
25.5 ಇಂಚು ಸ್ಕೇಲಿನ (ತಂತಿಯ ನುಡಿಯೋ ಉದ್ದ), 21 ಫ್ರೆಟ್‌ನ (ಬೋರ್ಡ್ ಮೇಲಿನ ಲೋಹದ ಅಡ್ಡಪಟ್ಟಿ) ಎಲೆಕ್ಟ್ರಿಕ್ ಗಿಟಾರ್. ಬೆರಳೊತ್ತೋ ಬೋರ್ಡ್ ರೋಸ್‌ವುಡ್, ಅದರ ಉಬ್ಬಿನ ರೇಡಿಯಸ್ 9.5 ಇಂಚು. 6–7ನೇ ಫ್ರೆಟ್ ಹತ್ರ, ಆಮೇಲೆ 14ರಿಂದ ಮುಂದಕ್ಕೆ ತಂತಿ ಗುಂಯ್ ಅನ್ನುತ್ತೆ. ಟ್ರಸ್ ರಾಡ್ (ನೆಕ್‌ನ ಬಾಗು ಸರಿಮಾಡೋ ಒಳಗಿನ ಕಂಬಿ), ಆಕ್ಷನ್ (ಫ್ರೆಟ್ ಮೇಲೆ ತಂತಿಯ ಎತ್ತರ) ಎರಡೂ ನೋಡಿಯಾಗಿದೆ. 8 ಇಂಚಿನ ರೇಡಿಯಸ್ ಬ್ಲಾಕ್ (ಬೋರ್ಡ್‌ನ ಉಬ್ಬಿಗೆ ತಕ್ಕಂತೆ ಒಳಬಾಗಿದ ಉಜ್ಜೋ ಬ್ಲಾಕ್) ಸಾಕಾ? ಕ್ರೌನ್ ಮಾಡೋಕೆ (ಫ್ರೆಟ್ ನೆತ್ತಿ ಮತ್ತೆ ದುಂಡಗೆ ಮಾಡೋಕೆ) ಯಾವ ಅರ?

ಉತ್ತರ 1:
ಮೊದಲು ಫ್ರೆಟ್ ರಾಕರ್ (ನೇರ ಅಂಚಿನ ಚಿಕ್ಕ ಲೋಹದ ತುಂಡು) ತಗೊಳ್ಳಿ. ಮೂರು ಫ್ರೆಟ್ ಮೇಲೆ ಇಟ್ಟಾಗ ಅಲ್ಲಾಡಿದರೆ ನಡುವಿನದು ಎತ್ತರ. ಅದನ್ನು ಒತ್ತಿ ನೋಡಿ; ಕೆಳಗಿಳಿದರೆ ಫ್ರೆಟ್ ಸ್ಲಾಟ್‌ನಿಂದ (ಅದು ಕೂರೋ ಸೀಳಿನಿಂದ) ಎದ್ದಿದೆ ಅಂತ ಅರ್ಥ. ತೆಳುವಾದ ಸೂಪರ್ ಗ್ಲೂ ಬಿಟ್ಟು ಕ್ಲಾಂಪ್ ಹಾಕಿ ಕೂರಿಸಬೇಕು. ಎದ್ದಿರೋ ಫ್ರೆಟ್ಟನ್ನೇ ಉಜ್ಜಿದರೆ ನಾಳೆ ಅದು ಕೂತಾಗ ಅಲ್ಲೇ ಗುಂಡಿ ಬೀಳುತ್ತೆ.

ಫ್ರೆಟ್‌ಗೆ ಬೀಮೇ (ಸ್ಯಾಂಡ್ ಪೇಪರ್ ಅಂಟಿಸಿದ ಉದ್ದ ನೇರ ಪಟ್ಟಿ) ಸರಿ. ನಿಮ್ಮ ನಟ್‌ನಿಂದ (ತಲೆಯ ಕಡೆ ತಂತಿ ಕೂರೋ ಪಟ್ಟಿ) 21ನೇ ಫ್ರೆಟ್‌ವರೆಗೆ ಸುಮಾರು 455 ಮಿ.ಮೀ. 16 ಇಂಚಿನ (406 ಮಿ.ಮೀ.) ಬೀಮ್ ಹಾಕಿದರೆ ಹಿಂದೆ ಮುಂದೆ ಆಡಿಸೋಕೆ 5 ಸೆಂ.ಮೀ. ಜಾಗ ಉಳಿಯುತ್ತೆ, ನಟ್‌ಗೂ ತಾಗಲ್ಲ. 8 ಇಂಚಿನ ಬ್ಲಾಕ್ ನೆಕ್‌ನ ಏರುತಗ್ಗಿನ ಜೊತೆಗೇ ಏರಿಳಿಯುತ್ತೆ, ತಗ್ಗು ಹಾಗೇ ಉಳಿಯುತ್ತೆ. ಮಧ್ಯರೇಖೆಯಿಂದ ಸ್ವಲ್ಪ ಸರಿದರೂ ಒಂದು ಅಂಚು ಜಾಸ್ತಿ ಸವೆಯುತ್ತೆ. ರೇಡಿಯಸ್ ಬ್ಲಾಕ್ ಬೇಕಾಗೋದು ಫ್ರೆಟ್ ಕಿತ್ತ ಬರೀ ಬೋರ್ಡ್‌ಗೆ. ಆಗ 80, 120, 220, 320 ಗ್ರಿಟ್ ಸ್ಯಾಂಡ್ ಪೇಪರ್. ಕೊನೆಗೆ ಸ್ಲಾಟ್ ಆಳ ಸಾಕಷ್ಟಿದೆಯಾ ನೋಡಲೇಬೇಕು, ಇಲ್ಲದಿದ್ದರೆ ಹೊಸ ಫ್ರೆಟ್ ಪೂರ್ತಿ ಕೂರಲ್ಲ.

ಉತ್ತರ 2:
ಬೀಮ್ ಬಗ್ಗೆ ಒಂದು ಮಾತು. ಹಾರ್ಡ್‌ವೇರ್ ಅಂಗಡಿಯ ಅಲ್ಯೂಮಿನಿಯಂ ಬಾಕ್ಸ್ ಪೈಪ್ ಕಣ್ಣಿಗೆ ನೇರ ಕಂಡರೂ ನಂಬಬೇಡಿ. ಮೆಷಿನ್ ಶಾಪಿನ ಸರ್ಫೇಸ್ ಪ್ಲೇಟ್ (ಪಕ್ಕಾ ಸಮತಟ್ಟಾದ ಹಲಗೆ) ಮೇಲೆ ಇಟ್ಟಾಗ 0.05 ಮಿ.ಮೀ. ಫೀಲರ್ (ತೆಳು ಅಳತೆ ಪಟ್ಟಿ) ಎಲ್ಲೂ ನುಗ್ಗಬಾರದು. ಬೆಂಗಳೂರಿನಲ್ಲಿದ್ದರೆ ಪೀಣ್ಯದಲ್ಲಿ ಎಂ.ಎಸ್. (ಮೈಲ್ಡ್ ಸ್ಟೀಲ್) ಪಟ್ಟಿಯನ್ನು ಸರ್ಫೇಸ್ ಗ್ರೈಂಡಿಂಗ್ ಮಾಡಿಸಿಕೊಳ್ಳಬಹುದು. ಸ್ಯಾಂಡ್ ಪೇಪರ್ ಅಂಟಿಸೋಕೆ ತೆಳು ಡಬಲ್ ಟೇಪ್ ಮಾತ್ರ. ಫೋಮ್ ಟೇಪ್ ಮೆತ್ತಗೆ ಒತ್ತಿಕೊಂಡು ತಗ್ಗಿನ ಫ್ರೆಟ್ಟನ್ನೂ ಉಜ್ಜಿಬಿಡುತ್ತೆ.

ತಂತಿ ಬಿಚ್ಚಿದ ಮೇಲೆ ನಾಚ್ಡ್ ಸ್ಟ್ರೇಟ್‌ಎಡ್ಜ್ (ಫ್ರೆಟ್ ಇರೋ ಕಡೆ ಕಚ್ಚು ಬಿಟ್ಟ ನೇರ ಪಟ್ಟಿ) ಇಟ್ಟು ಟ್ರಸ್ ರಾಡ್‌ನಿಂದ ಬೋರ್ಡ್ ನೇರ ಮಾಡಿ. ಆ ಸ್ಟ್ರೇಟ್‌ಎಡ್ಜ್ 25.5 ಸ್ಕೇಲಿಗೇ ಕತ್ತರಿಸಿದ್ದಾಗಿರಬೇಕು. ಬೋರ್ಡ್‌ಗೆ ಮಾಸ್ಕಿಂಗ್ ಟೇಪ್, ಫ್ರೆಟ್ ನೆತ್ತಿಗೆ ಮಾರ್ಕರ್. 320 ಗ್ರಿಟ್ ಹಾಕಿ ಪ್ರತಿ ತಂತಿಯ ಹಾದಿಯಲ್ಲೇ ಎಳೆಯಿರಿ, ಬೀಮ್‌ನ ಸ್ವಂತ ಭಾರವೇ ಸಾಕು. ಎಲ್ಲ ಫ್ರೆಟ್ ಮೇಲೂ ಮಸಿ ಹೋದ ಕ್ಷಣ ನಿಲ್ಲಿಸಿ.

ಕ್ರೌನಿಂಗ್‌ಗೆ 300 ಗ್ರಿಟ್ ಡೈಮಂಡ್ ಅರ. ಸ್ಟೇನ್‌ಲೆಸ್ ಫ್ರೆಟ್ ಆದರೆ ಮಾಮೂಲಿ ಅರ ಬೇಗ ಮೊಂಡಾಗುತ್ತೆ. ಮತ್ತೆ ಮಾರ್ಕರ್ ಬಳಿದು, ನಡುವೆ ಕೂದಲೆಳೆಯಷ್ಟು ಮಸಿ ಉಳಿಯೋ ತನಕ ಮಾತ್ರ. ನೆತ್ತಿ ಚಪ್ಪಟೆಯಾಗಿ ಉಳಿದರೆ ತಂತಿ ಸಿತಾರ್ ಥರ ಝಂಯ್‌ಗುಟ್ಟುತ್ತೆ, ಇಂಟೊನೇಷನ್ನೂ (ಸ್ವರದ ನಿಖರತೆ) ಕೆಡುತ್ತೆ. ಆಮೇಲೆ 400, 600, 1000, ಕೊನೆಗೆ 0000 ಸ್ಟೀಲ್ ವುಲ್. ಪಿಕಪ್‌ಗೆ (ತಂತಿಯ ದನಿ ಹಿಡಿಯೋ ಮ್ಯಾಗ್ನೆಟ್ ಭಾಗ) ಟೇಪ್ ಹಚ್ಚದೆ ಸ್ಟೀಲ್ ವುಲ್ ಮುಟ್ಟಬೇಡಿ, ಪುಡಿ ಮ್ಯಾಗ್ನೆಟ್‌ಗೆ ಅಂಟಿಕೊಳ್ಳುತ್ತೆ.

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್ ಸರ್. 7ನೇ ಫ್ರೆಟ್ ಒತ್ತಿದರೆ ಇಳಿಯುತ್ತೆ. 2ನೇ ಫ್ರೆಟ್ ಎತ್ತರ 0.7 ಮಿ.ಮೀ. ಮಾತ್ರ ಇದೆ.

ಉತ್ತರ 1:
ಹಾಗಿದ್ರೆ ಈಗಲೇ ಬೀಮ್ ಹಚ್ಚಬೇಡಿ. 7ನೇದನ್ನು ಅಂಟಿಸಿ, ತಂತಿ ಕಟ್ಟಿ ನುಡಿಸಿ ನೋಡಿ. 2ನೇದು ಆಗಲೇ ಇಷ್ಟು ತಗ್ಗಿರೋದರಿಂದ ಉಳಿದದ್ದನ್ನೆಲ್ಲ ಅದರ ಮಟ್ಟಕ್ಕೆ ಇಳಿಸಿದರೆ ಬೆಂಡ್ ಮಾಡುವಾಗ (ಪಕ್ಕಕ್ಕೆ ಎಳೆಯುವಾಗ) ತಂತಿ ಬೆರಳಿಗೆ ಸಿಗಲ್ಲ. ಸವೆದಿರೋದು ಮೊದಲ ಮೂರ್ನಾಲ್ಕೇ ಆದರೆ ಅಷ್ಟನ್ನೇ ಹೊಸದು ಹಾಕಿಸಿ, ಆಮೇಲೆ ಒಟ್ಟಿಗೆ ಲೆವೆಲ್ ಮಾಡಿ.