ಬ್ಲ್ಯಾಕ್ ಘೋಸ್ಟ್ ಮೀನಿಗೆ ಜೊತೆ ತರಬಹುದಾ?

ಪ್ರಶ್ನೆ, ತೀರ್ಥಹಳ್ಳಿಯಿಂದ

ಹೋದ ತಿಂಗಳು ಶಿವಮೊಗ್ಗದಿಂದ ಒಂದು ಬ್ಲ್ಯಾಕ್ ಘೋಸ್ಟ್ ಮೀನು ತಂದೆ. ಈಗ ಬೆರಳುದ್ದ ಇದೆ. ಮೂರಡಿ ಟ್ಯಾಂಕ್, ಮನೆ ಬಾವಿಯ ನೀರು. ಹಗಲಿಡೀ ಕಲ್ಲಿನ ಸಂದಿಯಲ್ಲೇ ಇರುತ್ತದೆ. ಕಾಳಿನ ಆಹಾರ ಮುಟ್ಟುವುದಿಲ್ಲ. ಕರೆಂಟ್ ಬಿಡುವ ಮೀನು ಅಂತ ಗೊತ್ತಾದಾಗಿನಿಂದ ಅಮ್ಮ ನೀರಿಗೆ ಕೈ ಹಾಕಲು ಬಿಡುತ್ತಿಲ್ಲ. ಒಂಟಿಯಾಗಿ ಬೇಜಾರಾಗಿದೆಯೇನೋ. ಇನ್ನೊಂದು ತರಬಹುದಾ?

ಉತ್ತರ, ಸಾಗರದಿಂದ

ಬೇಡ ಮಾರಾಯ್ರೆ, ಇನ್ನೊಂದು ತರಬೇಡಿ. ಅದು ಬೇಜಾರಾಗಿ ಅಡಗಿದ್ದಲ್ಲ. ಅಮೆಜಾನ್ ಕಡೆಯ ಹೊಳೆಗಳ ಮೀನು, ಓಡಾಟವೆಲ್ಲ ರಾತ್ರಿ. ಕತ್ತಲಲ್ಲಿ ಅದಕ್ಕೆ ದಾರಿ ತೋರಿಸುವುದು ಕಣ್ಣಲ್ಲ, ತಾನೇ ಸುತ್ತ ಹರಡುವ ವಿದ್ಯುತ್ತು. ಸೆಕೆಂಡಿಗೆ ಸುಮಾರು 1000 ಸಲ ಮಿಡಿಯುತ್ತದೆ, ಹಗಲು ರಾತ್ರಿ ಬಿಡುವಿಲ್ಲ. ಕಲ್ಲೋ ಹುಳವೋ ಹತ್ತಿರವಾದರೆ ಆ ಹರಿವು ತುಸು ಬದಲಾಗುತ್ತದೆ. ಚರ್ಮದಲ್ಲಿರುವ ಪುಟ್ಟ ಅಂಗಗಳಿಗೆ ಅದು ಕೂಡಲೇ ಗೊತ್ತಾಗುತ್ತದೆ.

ಇದರ ಬಲ ಒಂದು ವೋಲ್ಟಿಗಿಂತ ಕಡಿಮೆ. ಕೈಗೆ ಏನೂ ತಿಳಿಯುವುದಿಲ್ಲ. ಜೋರಾಗಿ ಹೊಡೆಯುವುದು ಎಲೆಕ್ಟ್ರಿಕ್ ಈಲ್, ಅದೂ ಇದೇ ಬಳಗದ್ದು. ಅಮ್ಮ ಹೆದರಬೇಕಾದದ್ದು ಹೀಟರಿಗೆ. ಅದರ ಪ್ಲಗ್ ತೆಗೆದೇ ಕೈ ಹಾಕಿ. ಅರ್ಥಿಂಗ್ ಸರಿ ಇದೆಯಾ ಅಂತಲೂ ನೋಡಿಸಿ.

ಇವು ತಮ್ಮ ಜಾತಿಯವನ್ನೇ ಸಹಿಸುವುದಿಲ್ಲ. ಚಿಕ್ಕ ಟ್ಯಾಂಕಿನಲ್ಲಿ ಒಂದು ಇನ್ನೊಂದನ್ನು ಕಚ್ಚಿ ಹೈರಾಣ ಮಾಡುತ್ತದೆ. ಇಬ್ಬರ ಮಿಡಿತ ಹತ್ತಿರ ಹತ್ತಿರ ಬಂದರೆ ಗೊಂದಲ ಬೇರೆ. ಇವುಗಳ ನೆಂಟ, ಗಾಜಿನಂಥ ಮೈಯ ಐಗನ್‌ಮಾನಿಯಾ ಮೀನು, ಆಗ ತನ್ನ ಮಿಡಿತವನ್ನೇ ಸರಿಸಿಕೊಳ್ಳುತ್ತದೆ. ಜಪಾನಿನ ವತನಬೆ ಮತ್ತು ತಕೇಡಾ 1963ರಲ್ಲಿ ಇದನ್ನು ಬರೆದಿದ್ದಾರೆ.

ಅಡಗಲು ಪಾರದರ್ಶಕ ಅಕ್ರಿಲಿಕ್ ಪೈಪ್ ಇಡಿ. ಒಳಗೆ ಹೋಗಿ ಮೈಗೆ ಪೈಪ್ ತಾಗಿದರೆ ಸಾಕು, ಅದಕ್ಕೆ ಧೈರ್ಯ. ನಿಮಗೂ ಹಗಲಲ್ಲಿ ಕಾಣುತ್ತದೆ. ಲೈಟ್ ಆರಿಸಿದ ಮೇಲೆ ಫ್ರೋಜನ್ ಬ್ಲಡ್‌ವರ್ಮ್ (ಹೆಪ್ಪುಗಟ್ಟಿಸಿದ ಕೆಂಪು ಹುಳ) ಕೊಡಿ, ಕಾಳು ಆಮೇಲೆ ನಿಧಾನಕ್ಕೆ.

ನಾನು ರೇಡಿಯೋ ರಿಪೇರಿ ಮಾಡುವವನು, ಹಾಗಾಗಿ ಇದನ್ನು ಹೇಳದೇ ಇರಲಾರೆ. ಬ್ಯಾಟರಿಯಲ್ಲಿ ನಡೆಯುವ ಪುಟ್ಟ ಆಂಪ್ಲಿಫೈಯರ್ ತಗೊಳ್ಳಿ. ಇನ್‌ಪುಟ್ಟಿನ ಎರಡು ತಂತಿಗಳ ತುದಿಯನ್ನು ಟ್ಯಾಂಕಿನ ಎರಡು ಬದಿ ನೀರಿಗೆ ಇಳಿಬಿಡಿ. ಮೀನು ಕೇಳಿಸುತ್ತದೆ! ಶ್ರುತಿ ಪೆಟ್ಟಿಗೆಯ ಹಾಗೆ ಒಂದೇ ಸ್ವರ, ಅಲುಗದೆ. ಆಫ್ರಿಕಾದ ಆನೆಮೂತಿ ಮೀನಾದರೆ ಟಿಕ್ ಟಿಕ್ ಅಂತ ಬಿಡಿ ಬಿಡಿ ಸದ್ದು. ಲಿಸ್ಮನ್ ಎಂಬ ವಿಜ್ಞಾನಿ 1951ರಲ್ಲಿ ಜಿಮ್ನಾರ್ಕಸ್ ಮೀನಿನ ಮಿಡಿತ ಹಿಡಿದದ್ದೂ ನೀರಿಗೆ ತಂತಿ ಇಳಿಸಿಯೇ. ಗೋಡೆಯ ಪ್ಲಗ್ಗಿಗೆ ಹಾಕುವ ಆಂಪ್ಲಿಫೈಯರ್ ಮಾತ್ರ ಯಾವ ಕಾರಣಕ್ಕೂ ಬೇಡ.

ಉತ್ತರ, ಕೊಪ್ಪದಿಂದ

ಸಾಗರದವರು ಹೇಳಿದ್ದು ಸರಿ. ನೀರಿನ ಬಗ್ಗೆ ಒಂದು ಮಾತು. ನಮ್ಮ ಕಡೆಯ ಬಾವಿ ನೀರು ಸಾಮಾನ್ಯವಾಗಿ ಮೆದು, ಈ ಮೀನಿಗೆ ಒಳ್ಳೆಯದೇ. ಆದರೆ ಮೆದು ನೀರಿನಲ್ಲಿ ಹುಳಿ ತಡೆಯುವ ಶಕ್ತಿ ಕಡಿಮೆ. ಫಿಲ್ಟರಿನ ಬ್ಯಾಕ್ಟೀರಿಯಾ ಕೆಲಸ ಮಾಡುತ್ತಾ ಮಾಡುತ್ತಾ ಪಿಎಚ್ ಇಳಿಯುತ್ತದೆ, ಅಂದರೆ ನೀರು ಹುಳಿಯಾಗುತ್ತದೆ. ಫಿಲ್ಟರ್ ಒಳಗೆ ಒಂದು ಹಿಡಿ ಚಿಪ್ಪಿನ ಚೂರು ಹಾಕಿ, ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಿಸಿ. ಇದರ ಹುರುಪೆ ತೀರಾ ಸಣ್ಣ, ಔಷಧಿ ಬೇಗ ತಾಗುತ್ತದೆ. ತಾಮ್ರ ಇರುವ ಔಷಧಿ ಹಾಕಲೇಬೇಡಿ. ಚಳಿಗಾಲದಲ್ಲಿ ಹೀಟರ್ ಬೇಕೇ ಬೇಕು, 25 ಡಿಗ್ರಿ ಆಸುಪಾಸು ಇರಲಿ. ಮಳೆಗಾಲಕ್ಕೆ ಬ್ಯಾಟರಿ ಏರ್ ಪಂಪ್ ಇಟ್ಟುಕೊಳ್ಳಿ, ಕರೆಂಟ್ ಹೋದರೆ ಯಾವಾಗ ಬರುತ್ತದೋ.

ಪ್ರಶ್ನೆ ಕೇಳಿದವರು

ತುಂಬಾ ಥ್ಯಾಂಕ್ಸ್. ಇನ್ನೊಂದು ತರುವುದಿಲ್ಲ. ಮೂರಡಿ ಟ್ಯಾಂಕ್ ಎಷ್ಟು ದಿನ ಸಾಕಾಗಬಹುದು?

ಸಾಗರದಿಂದ

ಮರಿ ಇರುವವರೆಗೆ ಮಾತ್ರ. ಇದು ಅಡಿಗಿಂತ ಜಾಸ್ತಿ ಬೆಳೆಯುತ್ತದೆ. ಆರಡಿ ಉದ್ದ, ಎರಡಡಿ ಅಗಲದ ಟ್ಯಾಂಕಿಗೆ ಈಗಲೇ ಜಾಗ ನೋಡಿಕೊಳ್ಳಿ. ಸಣ್ಣ ನಿಯಾನ್ ಮೀನುಗಳನ್ನು ಜೊತೆಗೆ ಬಿಡಬೇಡಿ, ರಾತ್ರಿ ನುಂಗಿಬಿಡುತ್ತದೆ.