ಅಪ್‌ಡೇಟ್: ಎಐ ಇಟ್ಕೊಂಡು ಇಂಗ್ಲಿಷ್ ಬರೆಯೋದು ಕಲಿಯೋ ವಿಷಯ

ಪುಣೆಯಿಂದ ಮತ್ತೆ ನಾನೇ. ಆಫೀಸ್ ಮೇಲ್ ಎಲ್ಲಾ ಎಐ ಹತ್ರಾನೇ ಬರೆಸ್ತಿದ್ದೀನಿ, ಸ್ವಂತ ನಾಲ್ಕು ಸಾಲು ಬರೆಯಕ್ಕೆ ಕೂತ್ರೆ ಕೈ ಓಡಲ್ಲ, ಏನ್ ಮಾಡ್ಲಿ ಅಂತ 12 ದಿನದ ಹಿಂದೆ ಇಲ್ಲಿ ಕೇಳಿದ್ದೆ.

ಬಂದ ಉತ್ತರಗಳಲ್ಲಿ ವರ್ಕ್ ಆಗಿದ್ದು ಧಾರವಾಡದ ಅಕ್ಕಾರು ಹೇಳಿದ್ದು. ಮೊದಲು ನಾನೇ ಬರೆದು, "ತಿದ್ದಬೇಡ, ಯಾವ ಸಾಲಲ್ಲಿ ಎಂಥ ತಪ್ಪಿದೆ ಅಂತಷ್ಟೇ ಕನ್ನಡದಲ್ಲಿ ಹೇಳು" ಅಂತ ಕೇಳೋದು. ದಿನಾ ಹಿಂಜವಡಿ ಬಸ್ಸಲ್ಲಿ ಐದಾರು ಸಾಲು ಬರೀತೀನಿ, ನಾನೇ ತಿದ್ದಿ ಮತ್ತೆ ತೋರಿಸ್ತೀನಿ, ಮೊದಲ ಮೂರು ದಿನ ಸಾಕಪ್ಪಾ ಅನ್ಸಿತ್ತು ಆದ್ರೆ ಬಿಡ್ಲಿಲ್ಲ. ಕನ್ನಡದಲ್ಲಿ ಬರೆದು ಟ್ರಾನ್ಸ್‌ಲೇಟ್ ಮಾಡಿಸೋ ಐಡಿಯಾ ನಂಗೆ ಆಗ್ಲಿಲ್ಲ, ಮೇಲ್ ರೆಡಿ ಆಗುತ್ತೆ, ತಲೇಲಿ ಏನೂ ಉಳಿಯಲ್ಲ.

ಗೊತ್ತೇ ಇರದಿದ್ದ ವಿಷಯ ಅಂದ್ರೆ ನನ್ನ ತಪ್ಪುಗಳಲ್ಲಿ ಜಾಸ್ತಿ ‘ಎ’, ‘ಆ್ಯನ್’, ‘ದಿ’ದೇ, ಕನ್ನಡದಲ್ಲಿ ಅಂಥ ಪದಗಳೇ ಇಲ್ವಲ್ಲ, ಅದಕ್ಕೇ ಕೈಗೆ ಬರಲ್ಲ. ‘ಡಿಸ್ಕಸ್ ಅಬೌಟ್’ ಅಂತ ಬರೀತಿದ್ದೆ, ನಮ್ಮ ‘ಬಗ್ಗೆ ಚರ್ಚೆ’ ಅಲ್ಲಿಗೆ ನುಗ್ಗಿತ್ತು, ಇಂಗ್ಲಿಷಲ್ಲಿ ಬರೀ ‘ಡಿಸ್ಕಸ್’ ಸಾಕು. ಒಂದು ಹುಷಾರು, ‘ಪ್ರಿಪೋನ್’ (ಅಂದ್ಕೊಂಡಿದ್ದಕ್ಕಿಂತ ಮುಂಚೆಗೆ ಹಾಕೋದು) ಅನ್ನೋದು ಪದಾನೇ ಅಲ್ಲ ಅಂತು ಎಐ, ನೋಡಿದ್ರೆ ಆಕ್ಸ್‌ಫರ್ಡ್ ಡಿಕ್ಷನರಿಯಲ್ಲೇ ಇದೆ. ಡೌಟ್ ಬಂದ್ರೆ ಡಿಕ್ಷನರಿ ನೋಡಿ.

ನಿನ್ನೆ ಕ್ಲೈಂಟ್‌ಗೆ ಹತ್ತು ಸಾಲಿನ ಮೇಲ್ ಪೂರ್ತಿ ನಾನೇ ಬರೆದು ಕಳಿಸ್ದೆ, ತುಂಬಾ ಖುಷಿ ಆಯ್ತು. ಅಕ್ಕಾ, ಥ್ಯಾಂಕ್ಸ್ ರೀ.