ಹಸಿವಿಗೂ ಮರೆವಿಗೂ ಸಂಬಂಧ ಇದೆಯಾ? ಅವ್ವನ ಲೆಕ್ಕ ತಪ್ಪುತ್ತಿದೆ

ಮಸ್ಕಿ ಹುಡುಗಿ:
ನಮ್ಮವ್ವನಿಗೆ 48. ಶಾಲೆ ಮೆಟ್ಟಿಲು ಹತ್ತಿದವಳಲ್ಲ. ಆದರೆ ಹತ್ತಿ ಬಿಡಿಸುವ ದಿನಗಳಲ್ಲಿ ಹದಿನಾಲ್ಕು ಹೆಣ್ಣಾಳುಗಳ ತೂಕ, ಕೂಲಿ ಎಲ್ಲ ಬಾಯಲ್ಲೇ ಇರುತ್ತದೆ. ಒಂದು ಕಿಲೋ ಆಚೀಚೆ ಆಗಲ್ಲ. ಯುಗಾದಿ ಮುಗಿದು ಕೂಲಿ ನಿಂತಿತು ಅಂದರೆ ಬೇರೆಯೇ ಹೆಂಗಸು. ಮೊನ್ನೆ ಅಂಗಡಿಯಲ್ಲಿ ನೂರರ ನೋಟು ಕೊಟ್ಟು ಚಿಲ್ಲರೆ ಬಿಟ್ಟು ಬಂದಳು. ಒಲೆ ಮೇಲೆ ಎಸರಿಟ್ಟು ಮರೆತಳು. ಎರಡು ವರ್ಷದಿಂದ ನೋಡುತ್ತಿದ್ದೇನೆ, ಬೇಸಿಗೆಯಲ್ಲೇ ಹೀಗೆ. ಆಗ ಒಂದೇ ಹೊತ್ತು ಉಣ್ಣುತ್ತಾಳೆ. ಕೇಳಿದರೆ "ಚಾ ಕುಡಿದೀನಿ ಬಿಡು" ಅಂತಾಳೆ. ಮನೆಯಲ್ಲಿ ಎಲ್ಲರೂ ವಯಸ್ಸಾಯ್ತು ಅಂತಾರೆ. 48ಕ್ಕಾ?

ಗಂಗಾವತಿ ಮೇಷ್ಟ್ರು:
ಸಂಬಂಧ ಇದೆ ತಂಗಿ. 2013ರಲ್ಲಿ ಒಂದು ಅಧ್ಯಯನ ಬಂತು. ತಮಿಳುನಾಡಿನ 464 ಕಬ್ಬು ಬೆಳೆಗಾರರಿಗೆ ಕಟಾವಿಗೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಬುದ್ಧಿಗೆ ಕೆಲಸ ಕೊಡುವ ಪರೀಕ್ಷೆ ಕೊಟ್ಟರು. ಅದೇ ಜನ, ಕೈ ಖಾಲಿ ಇದ್ದಾಗ ಅಂಕ ಕಡಿಮೆ. ಅಧ್ಯಯನ ಮಾಡಿದವರ ಪ್ರಕಾರ ಊಟಕ್ಕಿಂತ ಹಣದ ಚಿಂತೆಯೇ ಕಾರಣ. ನಾಳೆ ಏನು ಅನ್ನೋದೇ ತಲೆಯಲ್ಲಿ ತುಂಬಿದ್ದರೆ ಚಿಲ್ಲರೆ ಎಲ್ಲಿ ನೆನಪಿರುತ್ತೆ?

ಕೊಪ್ಪಳದ ಸಿಸ್ಟರ್:
ಬರೀ ಚಿಂತೆ ಅಂತ ಬಿಡಬೇಡಿ ಮೇಷ್ಟ್ರೇ. ಮಿದುಳಿನ ತೂಕ ಮೈತೂಕದಲ್ಲಿ ನೂರಕ್ಕೆ 2 ಪಾಲು, ಮೈಯ ಶಕ್ತಿಯಲ್ಲಿ ಉಣ್ಣೋದು ಮಾತ್ರ 20 ಪಾಲು! ಜೊತೆಗೆ ಬಿ12 ವಿಟಮಿನ್ ಕಡಿಮೆಯಾದರೂ ಮರೆವು ಬರುತ್ತೆ. ಅದು ಹಾಲು, ಮೊಟ್ಟೆ, ಮೀನು, ಮಾಂಸದಲ್ಲಿ ಸಿಗುತ್ತೆ, ಅಕ್ಕಿ ಜೋಳದಲ್ಲಿ ಇಲ್ಲ. ರಕ್ತ ಕಡಿಮೆ ಇದ್ದರೂ ತಲೆ ಮಂಕು. ಊಟದ ಜೊತೆಗೇ ಚಾ ಕುಡಿದರೆ ಕಬ್ಬಿಣದಂಶ ಸರಿಯಾಗಿ ಮೈಗೆ ಹತ್ತಲ್ಲ. ಹಿಮೋಗ್ಲೋಬಿನ್, ಬಿ12, ಥೈರಾಯ್ಡ್, ಶುಗರ್ ನಾಲ್ಕೂ ನೋಡಿಸಮ್ಮ. ಬೇಸಿಗೆಗೆ ಬಂದು ಸುಗ್ಗಿಗೆ ಹೋಗುವ ಮರೆವು ಮುಪ್ಪಿನದು ಅಂತ ನನಗನಿಸಲ್ಲ.

ಸಿಂಧನೂರಿನವ:
ರೇಷನ್ ಅಕ್ಕಿ ಬರುತ್ತಲ್ಲ? ಹಸಿವು ಎಲ್ಲಿಂದ ಬಂತು?

ಮಸ್ಕಿ ಹುಡುಗಿ:
ಅಕ್ಕಿ ಬರುತ್ತೆ ಅಣ್ಣಾ. ಅಪ್ಪ, ಇಬ್ಬರು ತಮ್ಮಂದಿರು, ನಾನು ಉಂಡ ಮೇಲೆ ಅವ್ವನಿಗೆ ಏನು ಉಳಿಯುತ್ತೆ ಅಂತ ನಾನೂ ನಿನ್ನೆಯೇ ನೋಡಿದ್ದು. ಬುಟ್ಟಿಯಲ್ಲಿ ಅರ್ಧ ರೊಟ್ಟಿ, ತಳದಲ್ಲಿ ಒಂದಿಷ್ಟು ಪುಂಡಿಪಲ್ಯ. ಸೋಮವಾರ ರಕ್ತ ಪರೀಕ್ಷೆಗೆ ಹೋಗೋಣ ಅಂದೆ. "ಬಸ್ಸಿನ ರೊಕ್ಕ?" ಅಂದಳು. ಹೆಂಗಸರಿಗೆ ಫ್ರೀ ಅಲ್ವಾ ಅವ್ವಾ ಅಂದೆ. ಅದನ್ನೂ ಮರೆತಿದ್ದಳು.